ಮೈಸೂರಿನ ಟಾಡಾ ಕಟಕಟೆಯಿಂದ ದೆಹಲಿಯ ತೀರ್ಪಿನವರೆಗೆ

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಅದರ ಬೆನ್ನಿಗೇ ಕೊಳ್ಳೇಗಾಲ ಸೀಮೆಯ ಕಾಡಂಚಿನ ಹಳ್ಳಿಗಳಲ್ಲಿ ಬಂಧನ ಶುರುವಾಯಿತು. ಚಾಮರಾಜನಗರ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಹಿಡಿದವರನ್ನು ತಂದಿದ್ದು ಮೈಸೂರು ಜೈಲಿಗೆ. ಹೆಂಗಸರೂ ಇದ್ದರು.

ಹೊರಿಸಿದ್ದು ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಮಾಮೂಲಿ ಕಾನೂನಿನಲ್ಲಿ ಬೆಲೆಯಿಲ್ಲ. ಟಾಡಾದಲ್ಲಿ ಎಸ್‌ಪಿ ಬರೆದುಕೊಂಡರೆ ಅದೇ ಸಾಕ್ಷ್ಯ. ಜಾಮೀನಂತೂ ದೂರದ ಮಾತು. 1995ರ ಮೇನಲ್ಲಿ ಕಾಯ್ದೆಯ ಅವಧಿಯೇ ಮುಗಿಯಿತು. ಒಳಗಿದ್ದವರು ಒಳಗೇ ಉಳಿದರು.

ನಾಡು ಇವರತ್ತ ತಿರುಗಿ ನೋಡಿದ್ದು 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ನಟ ರಾಜ್‌ಕುಮಾರ್ ಅಪಹರಣವಾದ ಮೇಲೆ. ಮೈಸೂರು ಜೈಲಿನ 51 ಟಾಡಾ ಬಂಧಿಗಳನ್ನು ಬಿಡಿ ಎಂದ ವೀರಪ್ಪನ್. ಸರ್ಕಾರ ಒಪ್ಪಿತು. ಕಾಡುಗಳ್ಳನ ಗುಂಡಿಗೆ ಮಗನನ್ನು ಕಳೆದುಕೊಂಡಿದ್ದ ತಂದೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಬಿಡುಗಡೆಗೆ ತಡೆ ಬಿತ್ತು. ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡುವಂತಿಲ್ಲ ಎಂಬುದು ಸರಿಯೇ. ಆದರೆ ಏಳು ವರ್ಷ ವಿಚಾರಣೆ ಮುಗಿಸದೆ ಕೂಡಿಹಾಕಿದ್ದು ಯಾವ ನ್ಯಾಯ? 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಜನ ನಿರ್ದೋಷಿಗಳೆಂದು ಹೊರಬಂದರು. ಕಳೆದುಹೋದ ವರ್ಷಗಳನ್ನು ಕಟ್ಟಿಕೊಡುವ ಆದೇಶ ಯಾವ ಕೋರ್ಟಿನಲ್ಲೂ ಇಲ್ಲ.

ಅಷ್ಟರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ್ದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಹಳ್ಳಿಗರ ಮಾತು ಕೇಳಿತ್ತು. ವೀರಪ್ಪನ್ ಬೇಟೆಗೆಂದೇ ಇದ್ದ ಪೊಲೀಸ್ ಕಾರ್ಯಪಡೆ ಅಲ್ಲಿ ಇಟ್ಟುಕೊಂಡಿದ್ದ ಚಿತ್ರಹಿಂಸೆಯ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತು. ಅಧಿಕಾರಿಗಳಿಗೆ ಹೆದರಿ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದವರು ಅದೇ ಬೆಟ್ಟದ ಮೇಲೆ ನಿಂತು ಹೇಳಿದರು. ನನಗೆ ಈ ಇಡೀ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಆ ಧೈರ್ಯ. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು.

ಪಾಲಾರ್ ಸ್ಫೋಟದಲ್ಲಿ ಜೀವಾವಧಿಯಾಗಿದ್ದ ನಾಲ್ವರು ಮೇಲ್ಮನವಿ ಹೋದರೆ, ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕೃತವಾಯಿತು. ಆಗ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್ ಇವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಸಕಾರಣವಿಲ್ಲದ ವಿಳಂಬವೇ ಹಿಂಸೆ, ಟಾಡಾ ಕೈದಿಗೂ ಇದು ಅನ್ವಯ. ಅರ್ಜಿ ತಿರಸ್ಕಾರವಾದ ಸುದ್ದಿ ಮುಟ್ಟಿ 14 ದಿನ ಕಳೆಯದೆ ಗಲ್ಲಿಗೇರಿಸುವಂತಿಲ್ಲ ಎಂದಿತು. ಇಂದು ದೇಶದ ಯಾವ ಮೂಲೆಯ ಮರಣದಂಡನೆ ಕೈದಿಗೂ ಈ 14 ದಿನಗಳ ಹಕ್ಕಿದೆ.