ಏಳು ಅಂದರೆ ಯಾವ ಏಳು?

ಕಡಗಂಚಿ: "ಸಾವಕಾರ್ರ, ಏಳನೇ ನಂಬರಿನ ಪ್ಲಗ್ ನಾಕು ಕೊಡ್ರಿ."

ಗಾಡಿ ಸಾಮಾನು ಮಾರುವ ಯಾವುದಾದರೂ ಅಂಗಡಿಗೆ ಹೋಗಿ ಹೀಗೆ ಕೇಳಿ ನೋಡಿ. ಸಾವಕಾರರು ಡಬ್ಬಿ ತೆಗೆದು ನಾಕು ಪ್ಲಗ್ ಎಣಿಸಿ ಕೈಗಿಡುತ್ತಾರೆ. "ಯಾವ ಕಂಪನಿ ಏಳು ಬೇಕಪಾ?" ಎಂದು ಮರುಪ್ರಶ್ನೆ ಹಾಕಿದರೆ ಆ ಸಾವಕಾರರಿಗೆ ಒಂದು ನಮಸ್ಕಾರ ಹೇಳಿ ಬನ್ನಿ. ಯಾಕೆಂದರೆ ಆ ಒಂದು ಪ್ರಶ್ನೆಯ ಮೇಲೆ ಇಡೀ ಎಂಜಿನ್ನಿನ ಜೀವ ನಿಂತಿರುತ್ತದೆ.

ಕಲಬುರಗಿ–ಆಳಂದ ರಸ್ತೆಯ ಮೇಲಿನ ಊರು ಕಡಗಂಚಿ. ದತ್ತಭಕ್ತರಿಗೆ ಇದು ಸಾಯಂದೇವರ ಊರು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ನೆಲೆ. ಗಾಣಗಾಪುರದ ಯಾತ್ರಿಕರ ಗಾಡಿ, ಕಾಲೇಜು ಹುಡುಗರ ಗಾಡಿ, ಕಬ್ಬಿನ ಟ್ರ್ಯಾಕ್ಟರು, ಸರಕಾರಿ ಬಸ್ಸು ಎಲ್ಲವೂ ಈ ಕಡೆ ಓಡಾಡುವಂಥವೇ. ಇವುಗಳ ನಡುವೆ ಅಪರೂಪಕ್ಕೊಮ್ಮೆ "ಭರ್ರ್" ಎಂದು ಸದ್ದು ಮಾಡುತ್ತ ಎಂಜಿನ್ ಬದಲಾಯಿಸಿದ ಹಳೇ ಕಾರೊಂದು ಹಾದು ಹೋದರೆ ಬಸ್ ನಿಲ್ದಾಣದ ಜನ ತಿರುಗಿ ನೋಡುತ್ತಾರೆ. ಇವತ್ತಿನ ಮಾತು ಅಂಥ ಕಾರಿನ ಬಗ್ಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ತರುಣ ಹಳೇ ಪೆಟ್ರೋಲ್ ಕಾರು ಕೊಂಡ. ತಂದೆ ತೊಗರಿ ಮಾರಿದ ದುಡ್ಡು. ಅದಕ್ಕೆ ಟರ್ಬೊ ಹಾಕಿಸಿದ. ಕಾರಿನಲ್ಲಿ ಮೊದಲು ಇದ್ದದ್ದು ಎನ್‌ಜಿಕೆ ಕಂಪನಿಯ 6ನೇ ನಂಬರಿನ ಪ್ಲಗ್. "ಈಗ ಎಂಜಿನ್ ಜಾಸ್ತಿ ಕಾಯ್ತದ, ಒಂದು ನಂಬರ್ ಥಂಡಾ ಪ್ಲಗ್ ಹಾಕು" ಎಂದ ಮಿಸ್ತ್ರಿ. ಮಾತು ಸರಿಯೇ. ಹುಡುಗ ಅಂಗಡಿಗೆ ಬಂದು 7 ಕೇಳಿದ. ಎನ್‌ಜಿಕೆ ಖಾಲಿ ಇತ್ತು, ಬಾಷ್ ಕಂಪನಿಯ 7 ಇತ್ತು. ತಿರುಪು ಹೊಂದಿತು, ಗಾಡಿ ಚಾಲೂ ಆಯಿತು. ಹುಡುಗ ಥಂಡಾ ಪ್ಲಗ್ ಹಾಕಿದೆನೆಂದು ನಿಶ್ಚಿಂತನಾದ. ನಿಜದಲ್ಲಿ ಬಾಷ್‌ನ 7 ಎಂದರೆ ಹೆಚ್ಚುಕಡಿಮೆ ಎನ್‌ಜಿಕೆಯ 6. ಅವನು ಇದ್ದಲ್ಲೇ ಇದ್ದಾನೆ! ಇನ್ನೂ ಥಂಡಾ ಇರಲೆಂದು ಬಾಷ್‌ನ 8 ಹಾಕಿದ್ದರೆ ಪ್ಲಗ್ ಮೊದಲಿಗಿಂತ ಬಿಸಿಯಾಗುತ್ತಿತ್ತು.

ಇದೆಂಥ ಲೆಕ್ಕ ಅಂತೀರಾ? ಎನ್‌ಜಿಕೆ ಮತ್ತು ಡೆನ್ಸೊ ಕಂಪನಿಗಳಲ್ಲಿ ನಂಬರು ಹೆಚ್ಚಾದಷ್ಟೂ ಪ್ಲಗ್ ಥಂಡಾ. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರು ಹೆಚ್ಚಾದಷ್ಟೂ ಬಿಸಿ. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಎರಡು ಉಲ್ಟಾ ಲೆಕ್ಕ.

ಸಾಲದ್ದಕ್ಕೆ ನಮ್ಮ ಕರ್ನಾಟಕದ್ದೇ ಇನ್ನೊಂದು ಗೊಂದಲವಿದೆ. ಬೆಂಗಳೂರಿನ ಮೈಕೊ ಕಂಪನಿ 1951ರಲ್ಲಿ ಶುರುವಾದದ್ದು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಿಂದಿನ ಕಾಲದ ಮಿಸ್ತ್ರಿಗಳ ಬಾಯಲ್ಲಿ ಪ್ಲಗ್ ಎಂದರೆ ಮೈಕೊ ಎಂದೇ ಅರ್ಥ. ಆ ಹಳೇ ಪ್ಲಗ್ಗುಗಳ ಮೇಲೆ 175, 225 ಎಂಬ ಮೂರಂಕಿ ನಂಬರು ಇರುತ್ತಿತ್ತು. ಆಗ 175ಕ್ಕಿಂತ 225 ಥಂಡಾ. ಮುಂದೆ ಬಂದ ಸಣ್ಣ ನಂಬರಿನ ಪದ್ಧತಿಯಲ್ಲಿ ಲೆಕ್ಕ ತಿರುಗಿ, 7ಕ್ಕಿಂತ 5 ಥಂಡಾ ಆಯಿತು. ಹಳೇ ಮಿಸ್ತ್ರಿಯ "ದೊಡ್ಡ ನಂಬರ್ ಅಂದ್ರ ಥಂಡಾ" ಎಂಬ ಪಾಠ ಅದೇ ಕಂಪನಿಯ ಹೊಸ ಪ್ಲಗ್ಗಿಗೆ ಹೊಂದುವುದಿಲ್ಲ.

ಬಿಸಿ ಯಾವುದು, ಥಂಡಾ ಯಾವುದು?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಬಿಸಿ ಪ್ಲಗ್ ಎಂದರೆ ಜೋರು ಕಿಡಿ ಎಂದಲ್ಲ. ಕಿಡಿಯ ಜೋರು ಕಾಯಿಲ್‌ನದು. ಬಿಸಿ, ಥಂಡಾ ಎಂಬುದು ಪ್ಲಗ್ಗಿನ ತುದಿ ತನ್ನ ಮೈಮೇಲಿನ ಕಾವನ್ನು ಎಷ್ಟು ಬೇಗ ಇಳಿಸಿಕೊಳ್ಳುತ್ತದೆ ಎಂಬುದರ ಮಾತು. ಡೀಸೆಲ್ ಗಾಡಿಯವರಿಗೆ ಈ ತಲೆನೋವೇ ಇಲ್ಲ, ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ.

ಪ್ಲಗ್ಗಿನ ಕೆಳಗೆ ಬಿಳಿ ಪಿಂಗಾಣಿಯ ಮೂಗು ಇರುತ್ತದೆ. ಕಾವು ಆ ಮೂಗಿನ ಮೂಲಕ ಲೋಹದ ಕವಚಕ್ಕೆ, ಅಲ್ಲಿಂದ ಸಿಲಿಂಡರ್ ಹೆಡ್ಡಿಗೆ ಇಳಿದು ಹೋಗಬೇಕು. ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ. ಬಾಗಿಲ ಹತ್ತಿರ ನಿಂತವರು ಥಟ್ಟನೆ ಇಳಿಯುತ್ತಾರೆ, ಹಿಂದಿನ ಸೀಟಿನವರು ನೂಕಾಡುತ್ತ ಬರುವಷ್ಟರಲ್ಲಿ ಹೊತ್ತಾಗುತ್ತದೆ. ಪಿಂಗಾಣಿ ಗಿಡ್ಡವಿದ್ದರೆ ಕಾವು ಬೇಗ ಇಳಿಯುತ್ತದೆ, ಅದು ಥಂಡಾ ಪ್ಲಗ್. ಉದ್ದವಿದ್ದರೆ ಕಾವು ನಿಧಾನ ಇಳಿಯುತ್ತದೆ, ಅದು ಬಿಸಿ ಪ್ಲಗ್.

ಹಾಗಾದರೆ ಎಲ್ಲರೂ ಥಂಡಾನೇ ಹಾಕಿಕೊಂಡರಾಯಿತಲ್ಲ? ಆಗದು. ಜೋಳದ ರೊಟ್ಟಿ ಸುಡುವ ತಾಯಂದಿರಿಗೆ ಇದು ಗೊತ್ತು. ಹಂಚು ಕಾಯದಿದ್ದರೆ ರೊಟ್ಟಿ ಹಸಿ, ಅತಿ ಕಾದರೆ ಕರಕಲು. ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್‌ ಮೇಲೆ ಕಾದರೆ ಮಾತ್ರ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಮಸಿ ಕಟ್ಟಿ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. 800 ಡಿಗ್ರಿ ದಾಟಿ ಮೇಲೇರಿದರೆ ಕೆಂಡವಾದ ತುದಿಯೇ ಕಿಡಿಗೆ ಮುಂಚೆ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಈ ಬೆಂಕಿ ಬಿದ್ದರೆ ಅದರ ತಲೆ ಕರಗಿ ತೂತಾಗುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗಿನಿಂದ ಇಡೀ ಎಂಜಿನ್ ಬಿಚ್ಚುವ ಖರ್ಚು.

ಎಷ್ಟು ಥಂಡಾ?

ಬರೀ ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದ ಗಾಡಿಗೆ ಕಂಪನಿ ಹೇಳಿದ ಪ್ಲಗ್ಗೇ ಸಾಕು. ಕಂಪ್ರೆಷನ್ ಏರಿಸಿದ್ದರೆ, ಟರ್ಬೊ ಹಾಕಿದ್ದರೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಥಂಡಾ. ಒಂದು ಮೆಟ್ಟಿಲಿಗೆ ತುದಿಯ ಕಾವು ಸುಮಾರು 70ರಿಂದ 100 ಡಿಗ್ರಿ ಇಳಿಯುತ್ತದೆ. ಎಂಜಿನ್ನಿಗೆ ಹೆಚ್ಚಿಸಿದ ಪ್ರತಿ 75ರಿಂದ 100 ಅಶ್ವಶಕ್ತಿಗೆ ಒಂದು ಮೆಟ್ಟಿಲು ಎಂಬ ರೂಢಿಯ ಲೆಕ್ಕವೂ ಇದೆ. ಆದರೆ ಅದು ದೊಡ್ಡ ಎಂಜಿನ್ನುಗಳನ್ನು ನೋಡಿ ಮಾಡಿದ ಅಂದಾಜು. ನಮ್ಮ ಸಣ್ಣ ಕಾರುಗಳಿಗೆ ಅದನ್ನೇ ಕಣ್ಣುಮುಚ್ಚಿ ಹಿಡಿಯುವಂತಿಲ್ಲ. ಒಂದು ಮೆಟ್ಟಿಲು ಇಳಿಸಿ, ಓಡಿಸಿ, ಬಿಚ್ಚಿ ನೋಡುವುದೇ ಖಾತ್ರಿಯ ದಾರಿ.

ಎರಡರ ನಡುವೆ ಅನುಮಾನ ಬಂದರೆ ಥಂಡಾ ಕಡೆ ವಾಲುವುದು ಜಾಣತನ. ಥಂಡಾ ಹೆಚ್ಚಾದರೆ ಮಸಿ ಹಿಡಿಯುತ್ತದೆ, ಬಿಚ್ಚಿ ಬದಲಿಸಬಹುದು. ಬಿಸಿ ಹೆಚ್ಚಾದರೆ ಪಿಸ್ಟನ್ ಹೋಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಎಂಜಿನ್ ಮೊದಲೇ ಬೆಂದಿರುತ್ತದೆ ಎಂಬುದೂ ನೆನಪಿರಲಿ.

ಇಷ್ಟಾದ ಮೇಲೂ ಪ್ಲಗ್ ಒಂದೇ ಎಲ್ಲ ರೋಗಕ್ಕೂ ಮದ್ದಲ್ಲ. ಪೆಟ್ರೋಲ್ ಕಡಿಮೆ ಬೀಳುತ್ತಿದ್ದರೆ, ಟೈಮಿಂಗ್ ಮುಂದೆ ಸರಿದಿದ್ದರೆ ಎಷ್ಟು ಥಂಡಾ ಪ್ಲಗ್ ಹಾಕಿದರೂ ಎಂಜಿನ್ ಉಳಿಯದು.

ಪ್ಲಗ್ಗೇ ಹೇಳುತ್ತದೆ

ಗಾಡಿಯನ್ನು ಭಾರದ ಮೇಲೆ ಓಡಿಸಿ ಎಂಜಿನ್ ಬಂದ್ ಮಾಡಬೇಕು. ಐಡ್ಲಿಂಗಿನಲ್ಲಿ ಬಹಳ ಹೊತ್ತು ಬಿಟ್ಟರೆ ಪ್ಲಗ್ ಕಪ್ಪಾಗಿ ಸುಳ್ಳು ಹೇಳುತ್ತದೆ. ಎಂಜಿನ್ ಆರಿದ ಮೇಲೆ ಬಿಚ್ಚಬೇಕು. ಬಿಸಿಯಲ್ಲೇ ತಿರುವಿದರೆ ಅಲ್ಯೂಮಿನಿಯಂ ಹೆಡ್ಡಿನ ತಿರುಪು ಹಾಳಾಗುತ್ತದೆ. ಪಿಂಗಾಣಿ ತಿಳಿ ಕಂದು ಅಥವಾ ಬೂದಿ ಬಣ್ಣಕ್ಕಿದ್ದರೆ ಎಲ್ಲ ಸರಿ. ಒಣ ಮಸಿ ಇದ್ದರೆ ಪ್ಲಗ್ ಅತಿ ಥಂಡಾ, ಇಲ್ಲವೇ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿ ಬೊಕ್ಕೆ ಎದ್ದಿದ್ದರೆ ಅಪಾಯ, ಅಲ್ಲಿಗೇ ನಿಲ್ಲಿಸಿ.

ಇನ್ನೆರಡು ಮಾತು. 14 ಮಿಲಿಮೀಟರ್ ತಿರುಪಿನ ಪ್ಲಗ್ಗುಗಳಲ್ಲೂ ತಿರುಪಿನ ಉದ್ದ ಬೇರೆ ಬೇರೆ ಇರುತ್ತದೆ. ಕೆಲವಕ್ಕೆ 12.7, ಕೆಲವಕ್ಕೆ 19 ಮಿಲಿಮೀಟರ್. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ಬಡಿಯಬಹುದು. ಎರಡನೆಯದು, ಸಡಿಲ ಕೂತ ಪ್ಲಗ್ ಕಾವು ಇಳಿಸಿಕೊಳ್ಳಲಾರದು. ಸರಿಯಾದ ನಂಬರೇ ಇದ್ದರೂ ಅದು ಬಿಸಿ ಪ್ಲಗ್ಗಿನಂತಾಗುತ್ತದೆ.

ಕಾನೂನೂ ಇದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿದೆ. ಜೋರು ಗಾಡಿಯ ಜಾಗ ರೇಸಿನ ಟ್ರ್ಯಾಕು. ಬಸ್ಸಿಗೆ ಕಾಯುವ ಮಕ್ಕಳು ನಿಂತಿರುವ ಆಳಂದ ರಸ್ತೆ ಅದಲ್ಲ.

ಹುಡುಗರ ಹುಮ್ಮಸ್ಸು ಹುಡುಗರಿಗೆ. ಆದರೆ ಅಂಗಡಿಕಾರರು ಒಂದು ಕೆಲಸ ಮಾಡಬಹುದು. ಪ್ಲಗ್ ಕಂಪನಿಗಳೇ ಒಂದಕ್ಕೊಂದು ಸರಿಹೊಂದುವ ನಂಬರಿನ ಪಟ್ಟಿ ಕೊಡುತ್ತವೆ. ಅದನ್ನು ತರಿಸಿ ಗಲ್ಲಾದ ಹಿಂದೆ ಕ್ಯಾಲೆಂಡರಿನ ಪಕ್ಕಕ್ಕೆ ತೂಗು ಹಾಕಲಿ. ಬಿಲ್ಲಿನಲ್ಲಿ ಬರೀ "ಪ್ಲಗ್ 4" ಎಂದು ಬರೆಯದೆ ಕಂಪನಿ ಮತ್ತು ಪೂರ್ಣ ನಂಬರು ಬರೆದು ಕೊಡಲಿ. ಗಿರಾಕಿ ಹಳೇ ಪ್ಲಗ್ ಕೈಯಲ್ಲಿ ಹಿಡಿದೇ ಅಂಗಡಿಗೆ ಬರಲಿ.

ಆಗ ಯಾವನಾದರೂ ಬಂದು "ಏಳು ಕೊಡ್ರಿ" ಅಂದರೆ, "ಯಾವ ಏಳು ತಮ್ಮಾ?" ಎಂದು ಕೇಳುವುದು ಸಾವಕಾರರಿಗೂ ಸಲೀಸು. ಅಷ್ಟು ಕೇಳಿದ್ದಕ್ಕೆ ಒಬ್ಬ ರೈತನ ತೊಗರಿ ದುಡ್ಡು ಉಳಿದರೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದು?