ಹಲ್ಲಿನ ಹಳಿ, ಕಿತ್ತ ಹಳಿ

ಕೊಣನೂರಿನ ಮಕ್ಕಳೇ, ನಿಮ್ಮೂರಿಗೆ ರೈಲಿಲ್ಲ. ಹತ್ತಬೇಕೆಂದರೆ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋಗಬೇಕು. ಅಲ್ಲಿ ಹಳಿಗಳ ನಡುವೆ ಈಗ 1,676 ಮಿಲಿಮೀಟರ್ ಅಂತರ. ಅಜ್ಜಿ ತಾತ ಕಂಡಿದ್ದು ಒಂದೇ ಮೀಟರ್ ಅಂತರದ ಹಳಿ. ಅದಕ್ಕೇ ಮೀಟರ್ ಗೇಜ್ ಎಂಬ ಹೆಸರು. ಹಳೆಯ ಹಳಿ ಹೋದರೂ ರೈಲು ಉಳಿಯಿತು.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಪುಟ್ಟ ರೈಲಿಗೆ ಆ ಭಾಗ್ಯ ಸಿಗಲಿಲ್ಲ. ಟ್ರಾಮ್ ಎಂದೇ ಅದಕ್ಕೆ ಹೆಸರು. ಹಳಿಗಳ ಅಂತರ ಎರಡೇ ಅಡಿ! ನಿಮ್ಮ ಚೀಲದಲ್ಲಿರುವಂಥ ಎರಡು ಸ್ಕೇಲು ಜೋಡಿಸಿಟ್ಟರೆ ಅಷ್ಟೇ. ರೈಲು ನಿಂತಿತು, ಹಳಿಯೂ ಹೋಯಿತು.

ಊಟಿಯ ರೈಲಿನ ಕಥೆಯೇ ಬೇರೆ. ಮೆಟ್ಟುಪಾಳ್ಯದಿಂದ 46 ಕಿಲೋಮೀಟರ್ ದಾರಿ. ಊಟಿಯವರೆಗೆ ಹಳಿ ಬಂದದ್ದು 1908ರಲ್ಲಿ. ಕಡಿದಾದ ಏರಿನಲ್ಲಿ ಜಾರದಿರಲೆಂದು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಸಂತೆಗೆ, ಶಾಲೆಗೆ, ನೆಂಟರ ಮನೆಗೆ ಹೋಗುವವರ ಹಳ್ಳಿ ರೈಲಿಗೆ ಆ ಬಲ ಎಲ್ಲಿಂದ ಬರಬೇಕು? ಇದು ನನಗೆ ಸರಿಯೆನಿಸುವುದಿಲ್ಲ.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳಿವೆ. 1899ರ ಮಹಾರಾಣಿಯವರ ಬೋಗಿಯೂ ಇದೆ. ಎಲ್ಲವನ್ನೂ ಹತ್ತಿರದಿಂದ ನೋಡಬಹುದು. ಆದರೆ ಕಿಟಕಿಯಾಚೆ ತಲೆ ಹಾಕಿದಾಗ ಕಣ್ಣಿಗೆ ಬೀಳುತ್ತಿದ್ದ ಕಲ್ಲಿದ್ದಲ ಪುಡಿಯ ಕಥೆ ಅಲ್ಲಿ ಸಿಗದು. ತಾತನನ್ನು ಜೊತೆಗೆ ಕರೆದೊಯ್ಯಿರಿ. ಹೊಳೆನರಸೀಪುರದ ನಿಲ್ದಾಣದಲ್ಲಿ ಆಗ ಏನು ತಿಂಡಿ ಮಾರುತ್ತಿದ್ದರು ಎಂದೂ ಕೇಳಿ.