ಗುಳಿಗೆ ಆಯಿತು, ಮುಂದೇನು?

‘ಡಾಕ್ಟರ್ ಸಾಹೇಬ್ರ, ಗುಳಿಗಿ ತಗೊಂಡು ಹುಡುಗ ಆರಾಮ ಆಗ್ಯಾನ. ನಿದ್ದಿ ಬರತೈತಿ, ಊಟಾ ಮಾಡ್ತಾನ. ಆದ್ರ ದಿನಾ ಮನ್ಯಾಗ ಕುಂತಿರ್ತಾನ್ರಿ.’

‘ಏನರೆ ಒಂದು ಕೆಲ್ಸಕ್ಕ ಹಚ್ಚವ್ವಾ.’

‘ಯಾವ ಕೆಲ್ಸಾರೀ? ಇವಗ ಯಾರ್ ಕೊಡ್ತಾರ್ರಿ?’

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಗದಗಿನ ಆಸ್ಪತ್ರೆಗೆ ರೋಗಿಯನ್ನು ಕರೆತರುವ ತಾಯಂದಿರು ಇಂಥ ಪ್ರಶ್ನೆ ಕೇಳುವುದು ಅಪರೂಪವಲ್ಲ. ವೈದ್ಯರ ಕೋಣೆಯ ಹೊರಗೆ ಸರದಿ ಉದ್ದವಿರುತ್ತದೆ. ಗುಳಿಗೆ ಚೀಟಿ ಕೈಗೆ ಬರುತ್ತದೆ, ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಬಸ್ಸಿಗೆ ಖರ್ಚು, ಒಂದು ದಿನದ ಕೂಲಿ ನಷ್ಟ. ಮನೆಯಲ್ಲಿ ಸುಮ್ಮನೆ ಕುಳಿತ ಹುಡುಗ. ಕೆಲವು ತಿಂಗಳಲ್ಲಿ ‘ಆರಾಮ ಆಗ್ಯಾನಲ್ಲ, ಗುಳಿಗಿ ಯಾಕ?’ ಎಂದು ಔಷಧವೂ ನಿಲ್ಲುತ್ತದೆ. ಕಾಯಿಲೆ ಮರುಕಳಿಸುತ್ತದೆ.

ಇದು ಮಾನಸಿಕ ಕಾಯಿಲೆಯ ಮಾತು ಮಾತ್ರವಲ್ಲ. ಮೂರ್ಛೆರೋಗ, ಕ್ಷಯ, ಅಪಘಾತದಲ್ಲಿ ಕಾಲು ಕಳೆದುಕೊಳ್ಳುವುದು, ಇವುಗಳಿಂದ ಚೇತರಿಸಿಕೊಂಡವರ ಮುಂದೆಯೂ ಇದೇ ಪ್ರಶ್ನೆ ನಿಲ್ಲುತ್ತದೆ. ಚಿಕಿತ್ಸೆ ಪೂರ್ಣವಾಗುವುದು ರೋಗಿ ತನ್ನ ಊರಿನಲ್ಲಿ ತನಗೆ ಒಗ್ಗುವ ಕೆಲಸಕ್ಕೆ ಸೇರಿಕೊಂಡಾಗ. ಅದಕ್ಕೆ ಬರಿಯ ಸಲಹೆ ಸಾಲದು, ಆ ಕೆಲಸದ ಬಾಗಿಲವರೆಗೆ ಜೊತೆಗೆ ಹೋಗುವವರು ಬೇಕು.

ಕೆಲಸವಿಲ್ಲದಿರುವುದೂ ಅನಾರೋಗ್ಯ

ಆಸ್ಟ್ರಿಯಾ ದೇಶದ ಮಾರಿಯೆಂಥಾಲ್ ಎಂಬ ಹಳ್ಳಿಯ ಜನರೆಲ್ಲ ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡಿದ್ದರು. 1930ರ ಸುಮಾರಿಗೆ ಅದು ಮುಚ್ಚಿತು. ಮೇರಿ ಯಾಹೋಡ ಮತ್ತು ಆಕೆಯ ಸಂಗಡಿಗರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಗಮನಿಸಿ 1933ರಲ್ಲಿ ವರದಿ ಪ್ರಕಟಿಸಿದರು. ಬೇಕಾದಷ್ಟು ಬಿಡುವು ಸಿಕ್ಕಿತ್ತು. ಆದರೂ ವಾಚನಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಯಿತು. ಇಡೀ ದಿನ ಏನು ಮಾಡಿದಿರಿ ಎಂದರೆ ಹೇಳಲು ಅವರಲ್ಲಿ ಏನೂ ಇರಲಿಲ್ಲ.

ಕೆಲಸ ಕೊಡುವುದು ಹಣವನ್ನಷ್ಟೇ ಅಲ್ಲ. ಏಳುವುದಕ್ಕೊಂದು ಹೊತ್ತು, ಮನೆಯ ಹೊರಗೆ ನಾಲ್ಕು ಜನರ ಒಡನಾಟ, ‘ಇಂಥವನು’ ಎಂಬ ಗುರುತು, ಇವೆಲ್ಲ ಕೆಲಸದಿಂದ ಬರುತ್ತವೆ. ಇವು ತಪ್ಪಿದಾಗ ಆರೋಗ್ಯವಂತನೂ ಕುಗ್ಗುತ್ತಾನೆ. ಈಗಷ್ಟೇ ಕಾಯಿಲೆಯಿಂದ ಎದ್ದವನ ಪಾಡು ಹೇಳಬೇಕಾಗಿಲ್ಲ.

ಮೂರು ಮೆಟ್ಟಿಲು, ಮತ್ತೊಂದು

ವೃತ್ತಿ ಮಾರ್ಗದರ್ಶನ ಒಂದು ಶಾಸ್ತ್ರವಾಗಿ ಬೆಳೆದದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಅಲ್ಲಿನ ಬಡ ಯುವಕರಿಗಾಗಿ ಒಂದು ಕೇಂದ್ರ ತೆರೆದ. ಆತ ಹೇಳಿದ್ದು ಮೂರು ಮೆಟ್ಟಿಲು: ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಕೆಲಸಗಳನ್ನು ತಿಳಿ, ಕೊನೆಗೆ ಎರಡನ್ನೂ ಹೊಂದಿಸಿ ನೋಡು.

ನಮ್ಮ ಹಳ್ಳಿಗಳಿಗೆ ನಾಲ್ಕನೆಯ ಮೆಟ್ಟಿಲು ಬೇಕು: ಆ ಕೆಲಸದ ಬಾಗಿಲವರೆಗೆ ಕರೆದೊಯ್ಯುವುದು. ‘ಗದಗಿನ ಕಚೇರಿಗೆ ಹೋಗಿ ವಿಚಾರಿಸಿ’ ಎಂದರೆ ಮುಂಡರಗಿ ತಾಲ್ಲೂಕಿನ ಹಳ್ಳಿಯ ಹುಡುಗ ಹೋಗುವುದಿಲ್ಲ. ಹೋದರೂ ಯಾರನ್ನು ಕೇಳಬೇಕೆಂದು ತಿಳಿಯದೆ ಹಿಂದಿರುಗುತ್ತಾನೆ. ಅದನ್ನು ನಾವು ಸೋಮಾರಿತನ ಎನ್ನುತ್ತೇವೆ.

ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಮೊದಲು ವರ್ಷಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬ ಪದ್ಧತಿ ಬಹಳ ಕಾಲ ಇತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ತಿರುಗಿಸಿ ನೋಡಿದರು. ಬೇಗನೆ ನಿಜವಾದ ಕೆಲಸಕ್ಕೆ ಸೇರಿಸುವುದು, ಕಲಿಕೆ ಕೆಲಸದಲ್ಲಿಯೇ, ಪಕ್ಕದಲ್ಲಿ ಒಬ್ಬ ಸಹಾಯಕ. ಮುಂದೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ, ಹಳೆಯ ಕ್ರಮಕ್ಕಿಂತ ಈ ಕ್ರಮದಲ್ಲಿ ಹೆಚ್ಚು ಮಂದಿ ಕೆಲಸ ಹಿಡಿದರು.

ಮಾದರಿ ನಮ್ಮಲ್ಲಿಯೇ ಇದೆ

ಇದಕ್ಕಾಗಿ ಅಮೆರಿಕದತ್ತ ನೋಡಬೇಕೆಂದೇನೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳು (1914–2010) ಅಂಧ ಮತ್ತು ಬಡ ಮಕ್ಕಳನ್ನು ಸೇರಿಸಿಕೊಂಡರು. ‘ಕಣ್ಣಿಲ್ಲದವ ಏನು ಮಾಡಿಯಾನು?’ ಎಂದು ಕೇಳದೆ, ‘ಇವನ ಕಿವಿ ಹೇಗಿದೆ, ಕಂಠ ಹೇಗಿದೆ?’ ಎಂದು ಕೇಳಿದರು. ಊಟ, ವಸತಿ, ವಿದ್ಯೆ ಮೂರನ್ನೂ ಒಂದೇ ಸೂರಿನಡಿ ಕೊಟ್ಟರು. ಅಲ್ಲಿ ಕಲಿತವರು ಹಾಡಿ, ನುಡಿಸಿ, ಪಾಠ ಹೇಳಿ ತಮ್ಮ ಅನ್ನ ತಾವು ಗಳಿಸಿದರು. ಭಕ್ತರು ಕೊಟ್ಟ ಕಾಳುಕಡಿ ಇದನ್ನೆಲ್ಲ ನಡೆಸಿತು. ಊರಿನ ಸಂಪನ್ಮೂಲವನ್ನು ಬೇಕಾದವರಿಗೆ ಮುಟ್ಟಿಸುವುದೆಂದರೆ ಇದೇ.

ಚಿಕಿತ್ಸೆಯ ವಿಷಯದಲ್ಲಿಯೂ ಆಗ ನಮ್ಮ ನೆರೆಯದಾಗಿದ್ದ ಜಿಲ್ಲೆಯೇ ದಾರಿ ತೋರಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈ ಶತಮಾನದ ಆರಂಭದಿಂದ ಬೇಸಿಕ್ ನೀಡ್ಸ್ ಇಂಡಿಯಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತ, ಔಷಧದ ಜೊತೆಗೆ ಜೀವನೋಪಾಯವನ್ನೂ ಚಿಕಿತ್ಸೆಯ ಅಂಗವಾಗಿ ಸೇರಿಸಿತು.

ಯಾವ ಬಾಗಿಲು ತಟ್ಟಬೇಕು?

* ಗ್ರಾಮ ಪಂಚಾಯಿತಿ: ಅಂಗವಿಕಲರ ನೆರವಿಗಾಗಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿ, ಎಂ.ಆರ್.ಡಬ್ಲ್ಯು. ತಾಲ್ಲೂಕು ಮಟ್ಟದಲ್ಲಿ ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ ಎಂಬುದು ಅನೇಕರಿಗೆ ತಿಳಿಯದು. ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತವರಿಗೆ ಸರ್ಕಾರಿ ನೌಕರಿಯ ಮೀಸಲಾತಿಗೆ ಅರ್ಜಿ ಹಾಕಲು ಅವಕಾಶವಿದೆ.

* ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಮಾದರಿಯಲ್ಲಿ ಇಂದು ಜಿಲ್ಲೆಗೊಂದರಂತೆ ಆರ್‌ಸೆಟಿಗಳಿವೆ. ಹೊಲಿಗೆ, ಮೋಟಾರು ರಿಪೇರಿ, ಹೈನುಗಾರಿಕೆಯಂಥ ತರಬೇತಿ ಊಟ–ವಸತಿ ಸಹಿತ ಉಚಿತ. ತರಬೇತಿ ಮುಗಿದ ಮೇಲೂ 2 ವರ್ಷ ವಿಚಾರಿಸಿಕೊಳ್ಳಬೇಕೆಂಬುದು ಇವುಗಳ ಕ್ರಮ. ಚೇತರಿಸಿಕೊಂಡ ರೋಗಿಗೆ ಬೇಕಾದದ್ದೂ ಇದೇ.

* ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ: ಮಳೆಯನ್ನೇ ನಂಬಿದ ನಮ್ಮ ಎರೆ ಹೊಲದ ಮನೆಗಳಿಗೆ ಕುರಿ, ಆಕಳು, ತರಕಾರಿ, ಕಾಳಿನ ಸಂಸ್ಕರಣೆಯ ತಿಳಿವಳಿಕೆ ಮುಖ್ಯ. ಹೊಲ ಇದ್ದವನಿಗೆ ಪೇಟೆಯ ನೌಕರಿಯೇ ಆಗಬೇಕೆಂದಿಲ್ಲ.

* ಮಹಿಳಾ ಸ್ವಸಹಾಯ ಸಂಘ: ಸಂಜೀವಿನಿ ಒಕ್ಕೂಟಗಳ ಮೂಲಕ ಸಣ್ಣ ಸಾಲ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಹಣಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ಸೇರುವ ಕೂಟ ಆಸರೆಯಾಗುತ್ತದೆ.

* ಊರಿನ ಕಸುಬು: ಬೆಟಗೇರಿಯ ಮಗ್ಗ, ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗಿನ ಮುದ್ರಣಾಲಯಗಳು, ಲಕ್ಷ್ಮೇಶ್ವರ–ಮುಂಡರಗಿ ಪೇಟೆಗಳ ಕಿರಾಣಿ, ಹೊಲಿಗೆ, ಗ್ಯಾರೇಜು. ಇಲ್ಲಿ ಅರ್ಜಿ ನಡೆಯುವುದಿಲ್ಲ, ಪರಿಚಯ ನಡೆಯುತ್ತದೆ. ‘ನಮ್ಮ ಹುಡುಗ, ಒಂದು ತಿಂಗಳು ನೋಡ್ರಿ’ ಎಂದು ಹೇಳುವ ಹಿರಿಯರೊಬ್ಬರು ಬೇಕು.

ಕಾಯಿಲೆಗೆ ತಕ್ಕ ಕೆಲಸ

ಕೆಲಸ ಆರಿಸುವಾಗ ವೈದ್ಯರನ್ನು ಕೇಳಲು ಮರೆಯಬಾರದು. ಮೂರ್ಛೆರೋಗ ಹತೋಟಿಗೆ ಬಾರದವರಿಗೆ ಬಾವಿ, ಎತ್ತರ, ಬೆಂಕಿ, ತಿರುಗುವ ಯಂತ್ರ, ವಾಹನ ಚಾಲನೆ ಸಲ್ಲದು. ಉಬ್ಬಸ ಇರುವವರು ಜಿನ್ನಿಂಗ್ ಫ್ಯಾಕ್ಟರಿಯ ಅರಳೆ ಧೂಳು, ಮೆಣಸಿನಕಾಯಿ ಘಾಟಿನಿಂದ ದೂರವಿರಬೇಕು. ಮನಸ್ಸಿನ ಏರಿಳಿತದ ಕಾಯಿಲೆ ಇರುವವರಿಗೆ ರಾತ್ರಿ ಪಾಳಿ ಅಪಾಯ, ನಿದ್ರೆ ಕೆಟ್ಟರೆ ಕಾಯಿಲೆ ಕೆರಳುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುವ ಕೆಲಸ ಬೇಕು.

ಗುಳಿಗೆಯಿಂದ ಬೆಳಿಗ್ಗೆ ಮಂಪರು ಬರುತ್ತಿದ್ದರೆ ಕೆಲಸ ಬಿಡುವುದಾಗಲಿ ಗುಳಿಗೆ ಬಿಡುವುದಾಗಲಿ ಪರಿಹಾರವಲ್ಲ. ‘ಏಳು ಗಂಟೆಗೆ ಕೆಲಸಕ್ಕೆ ಹೋಗಬೇಕು’ ಎಂದು ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಿಕೊಡಬಹುದು. ಗೋವಾ, ಮಂಗಳೂರು ಕಡೆಗೆ ದುಡಿಯಲು ಹೋಗುವವರು ಹಳೆಯ ಚೀಟಿಯನ್ನೂ ಸಾಕಾಗುವಷ್ಟು ಗುಳಿಗೆಯನ್ನೂ ಒಯ್ಯಬೇಕು. ಗುಳೆ ಹೋದಾಗಲೇ ಔಷಧ ತಪ್ಪುವುದು ಹೆಚ್ಚು.

ಜೊತೆಗೆ ಹೋಗುವವರು ಯಾರು?

ದೊಡ್ಡ ಪದವಿ ಬೇಕಿಲ್ಲ. ಆಶಾ ಕಾರ್ಯಕರ್ತೆ, ನಿವೃತ್ತ ಶಿಕ್ಷಕರು, ಔಷಧದ ಅಂಗಡಿಯವರು, ಸೋದರಮಾವ, ಯಾರಾದರೂ ಆದೀತು. ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಊರಲ್ಲಿ ಮತ್ತು ಬಸ್ಸು ಸಿಗುವ ಪೇಟೆಯಲ್ಲಿ ಯಾರು ಏನು ಕಲಿಸುತ್ತಾರೆ, ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಯಾವ ಕಾಗದ ಬೇಕು, ಕೊನೆಯ ಬಸ್ಸು ಎಷ್ಟು ಗಂಟೆಗೆ, ಇಷ್ಟನ್ನು ಬರೆದಿಡಲಿ. ಪಂಚಾಯಿತಿಯ ಗ್ರಂಥಾಲಯದಲ್ಲಿ ಅದರ ಒಂದು ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

ಮೊದಲ ಭೇಟಿಯಲ್ಲಿ ಉಪದೇಶ ಬೇಡ. ನಾಲ್ಕು ಪ್ರಶ್ನೆ ಸಾಕು: ಕಾಯಿಲೆಗೆ ಮುಂಚೆ ಏನು ಮಾಡುತ್ತಿದ್ದೆ? ಅದರಲ್ಲಿ ಯಾವುದು ಹಿಡಿಸುತ್ತಿತ್ತು? ಈಗ ದಿನಕ್ಕೆ ಎಷ್ಟು ಹೊತ್ತು ಕುಳಿತು ಅಥವಾ ನಿಂತು ಮಾಡಬಲ್ಲೆ? ಏನು ಹೆದರಿಕೆ? ಉತ್ತರವನ್ನು ರೋಗಿಯೇ ಹೇಳಲಿ, ಮನೆಯವರು ಬಾಯಿ ಹಾಕುವುದು ಬೇಡ. ಆಮೇಲೆ ಒಂದೇ ಬಾಗಿಲನ್ನು ಆರಿಸಿ ಜೊತೆಗೆ ಹೋಗಿ. ವಾರ ಬಿಟ್ಟು ವಿಚಾರಿಸಿ, ತಿಂಗಳು ಬಿಟ್ಟು ಮತ್ತೆ ವಿಚಾರಿಸಿ. ಅವನ ಕಾಯಿಲೆಯ ಹೆಸರನ್ನು ಮಾಲೀಕರಿಗೆ ಹೇಳುವುದೋ ಬಿಡುವುದೋ ಅವನೇ ತೀರ್ಮಾನಿಸಬೇಕು.

ಹೆಂಗಸರಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿದೆ. ಗದಗಿಗೆ ಬಂದ ದಿನವೇ ಆಸ್ಪತ್ರೆಯ ಜೊತೆಗೆ ಇನ್ನೊಂದು ಕಚೇರಿಯ ಕೆಲಸವನ್ನೂ ಮುಗಿಸಿಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಟ್ಟುಕೊಳ್ಳಿ.

ಮನೆಯವರಿಗೆ ಎರಡು ಮಾತು

ಮೊದಲ ಪ್ರಯತ್ನ ಸೋಲಬಹುದು. ಹುಡುಗ ಎಂಟು ದಿನ ಹೋಗಿ ಬಿಟ್ಟರೆ ‘ನಿನ್ನ ಕೈಲಿ ಆಗೂದಿಲ್ಲ’ ಎನ್ನಬೇಡಿ. ಎಂಟು ದಿನ ಹೋದದ್ದೂ ಚೇತರಿಕೆಯೇ. ಅರ್ಧ ದಿನದ ಕೆಲಸದಿಂದ ಮತ್ತೆ ಆರಂಭಿಸಿ. ‘ಮದುವಿ ಮಾಡಿದ್ರ ಸರಿ ಹೋಗ್ತಾನ’ ಎಂಬ ಮಾತನ್ನು ನಂಬಿ ಇನ್ನೊಂದು ಜೀವವನ್ನು ಕಷ್ಟಕ್ಕೆ ನೂಕಬೇಡಿ.

ನಿದ್ದೆ ಕೆಡುವುದು, ಊಟ ಬಿಡುವುದು, ಒಬ್ಬನೇ ಗೊಣಗುವುದು, ‘ನಾ ಇದ್ದು ಏನ್ ಮಾಡ್ಲಿ’ ಎನ್ನುವುದು, ಇವು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕರೆತನ್ನಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧವನ್ನು ಬೀಗದಲ್ಲಿಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದ ರೈತರು ಸಾಲದ ಕಷ್ಟಕ್ಕೆ ತಾವೇ ಸೇರಿ ಸಹಕಾರಿ ಸಂಘ ಕಟ್ಟಿದರು. ಒಬ್ಬನ ಕಷ್ಟಕ್ಕೆ ಊರು ಹೊಣೆ ಎಂಬ ಆ ತಿಳಿವಳಿಕೆ ಆರೋಗ್ಯಕ್ಕೂ ಸಲ್ಲುತ್ತದೆ. ‘ಇವಗ ಯಾರ್ ಕೊಡ್ತಾರ್ರಿ?’ ಎಂದು ಕೇಳಿದ ತಾಯಿಗೆ ವೈದ್ಯರೊಬ್ಬರೇ ಉತ್ತರ ಹೇಳಲಾರರು. ನಿಮ್ಮ ಓಣಿಯಲ್ಲಿಯೂ ಅಂಥ ಮನೆಯೊಂದು ಇದ್ದೀತು. ಈ ವಾರ ಒಮ್ಮೆ ಹೋಗಿ ಬನ್ನಿ.